ಕರು ಹುಟ್ಟುವ ಮುಂಚೆ ಬೋರ್ಡು

ಹೆಂಡತಿ: ಅಳಿಸಿ ಪೇಂಟ್ರೇ, ಮೊದಲು ಆ ಕಾಲು ಅಳಿಸಿ. ಅದು ಹಸುವಿನ ಕಾಲಾ, ಪೊರಕೆ ಕಡ್ಡಿನಾ?

ಗಂಡ: ಅಳಿಸಬೇಡಿ! ಕಾಲು ಯಾರ್ರೀ ನೋಡ್ತಾರೆ? ಇದು ಹಾಲಿನಂಗಡಿ ಬೋರ್ಡು, ಚಪ್ಪಲಿ ಅಂಗಡೀದಲ್ಲ. ನೀವು ಕೆಚ್ಚಲು ಇನ್ನೂ ದೊಡ್ಡದು ಮಾಡಿ.

ಪೇಂಟರ್: ಅಣ್ಣಾ, ಇನ್ನೂ ದೊಡ್ಡದಾದ್ರೆ ಹಸು ದಿಂಬಿನ ಮೇಲೆ ಕೂತಿದೆ ಅಂದ್ಕೋತಾರೆ.

ಪೇಂಟರ್ ಕುಂಚವನ್ನು ಕಿವಿಗೆ ಸಿಕ್ಕಿಸಿಕೊಂಡು, ಅಂಗಡಿಯ ಕಟ್ಟೆಗೆ ಒರಗಿಸಿದ್ದ ತಗಡಿನ ಬೋರ್ಡನ್ನು ನೋಡುತ್ತ ನಿಂತ. ಬೆಳಗಿನಿಂದ ಆ ಹಸುವಿಗೆ ಎಷ್ಟು ಕಾಲು ಬಂದು ಹೋದವೋ ಅವನಿಗೇ ಲೆಕ್ಕವಿರಲಿಲ್ಲ. ಪೇಟೆಯಲ್ಲಿ ಅವನಿಗೆ ಸಿಂಹದ ಪೇಂಟರ್ ಎಂದೇ ಹೆಸರು. ಸಿಂಹ ಚೆನ್ನಾಗಿ ಬರೆಯುತ್ತಾನೆಂದಲ್ಲ. ಪಾಪ, ಏನು ಬರೆದರೂ ಅದು ಸಿಂಹವೇ ಆಗುತ್ತಿತ್ತು. ಬಟ್ಟೆ ಅಂಗಡಿಗೆಂದು ಬರೆದ ಮೊಲವನ್ನು ಕಂಡು ಮಕ್ಕಳು ಹೆದರಿ ಅತ್ತಿದ್ದವು. ಎದುರಿನ ಚಪ್ಪಲಿ ಅಂಗಡಿಯವನಂತೂ ಕಡ್ಡಿ ಮುರಿದ ಹಾಗೆ ಹೇಳಿದ್ದ: "ಈ ಹಸು ಹಸುವಿನ ಥರ ಕಂಡ್ರೆ ನನ್ನಂಗಡಿ ಬೋರ್ಡೂ ನಿನಗೇ. ಇದೂ ಸಿಂಹ ಆಯ್ತೋ, ಕುಂಚ ಬಿಟ್ಟು ಗೋಡೆಗೆ ಸುಣ್ಣ ಹೊಡೆಯೋಕೆ ಹೋಗು." ಸುಣ್ಣ ಹೊಡೆಯುವ ಮಾತು ನೆನೆದರೇ ಪೇಂಟರಿಗೆ ಅಳು ಬರುತ್ತಿತ್ತು. ಈ ಜನ್ಮದಲ್ಲಿ ಒಂದೇ ಒಂದು ಹಸು ಹಸುವಾಗಲಿ ಎಂದಷ್ಟೇ ಅವನ ಆಸೆ.

ಪೇಂಟರ್: ಒಂದು ಮಾತು ಅಕ್ಕಾ. ಹಿಂದೆ ಕೊಟ್ಟಿಗೇಲಿ ಹಸು ನಿಂತಿದ್ಯಲ್ಲ, ಅದನ್ನೇ ನೋಡ್ಕೊಂಡು ಬರೆದುಬಿಡ್ಲಾ?

ಗಂಡ: ಬಣ್ಣ ಅದರದೇ ಇರಲಿ, ಬಿಳಿ ಮೈಗೆ ಕಂದು ಮಚ್ಚೆ. ಆದ್ರೆ ಬರೀಬೇಕಾದ್ದು ಅದನ್ನಲ್ಲ, ಅದರ ಹೊಟ್ಟೇಲಿರೋದನ್ನ.

ಪೇಂಟರ್: ಹೊಟ್ಟೇಲಿರೋದನ್ನಾ?

ಹೆಂಡತಿ: ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದೋರ ಕಥೆ ಕೇಳಿದ್ದೆ. ಕರು ಹುಟ್ಟೋಕೆ ಮುಂಚೆ ಬೋರ್ಡ್ ಬರೆಸೋರನ್ನ ಕಟ್ಕೊಂಡಿದ್ದೀನಿ.

ಗಂಡ: ನಾಳೆ ಅಂಗಡಿ ಬಾಗಿಲು ತೆಗೀಬೇಕು ಕಣೇ! ಹಳೇ ಹಸೂನೇ ಹಾಕಿದ್ರೆ ಹೊಸದೇನಿದೆ ಅಂತ ಜನ ಬರ್ತಾರೆ? ಇಡೀ ಪೇಟೇಲಿ ಮಿಶ್ರತಳಿ ಮಾಡಿಸಿರೋರು ನಾವೇ.

ಹೆಂಡತಿ: ನಾವಲ್ಲ, ನಾನು. ನೀವು ಬೇಡ ಬೇಡ ಅಂತ ಮುನಿಸ್ಕೊಂಡು ಊಟ ಬಿಟ್ಟಿದ್ರಿ.

ಗಂಡ: ಬಿಡದೆ ಇನ್ನೇನು? ಅಪ್ಪಟ ಹಾಲಿನ ತಳಿ. ಹೊಳೆ ಹರಿದ ಹಾಗೆ ಹಾಲು ಕೊಡೋ ಹಸು. ಅದಕ್ಕೆ ಹೋಗಿ ಹೋಗಿ ಎರಡು ಉಪಯೋಗದ ತಳಿಯ ಹೋರಿ ಕೊಡಿಸಿದ್ದೀಯಲ್ಲ!

ಪೇಂಟರ್: ಎರಡು ಉಪಯೋಗ ಅಂದ್ರೆ?

ಹೆಂಡತಿ: ಹಾಲಿಗೂ ಸೈ, ದುಡಿಮೆಗೂ ಸೈ. ಹೆಣ್ಣಾದ್ರೆ ಹಾಲು ಕರೀಬಹುದು, ಗಂಡಾದ್ರೆ ಗಾಡಿಗೆ ಕಟ್ಟಬಹುದು. ಇವರ ಹಾಗಲ್ಲ.

ಗಂಡ: ಯಾಕೆ, ನನಗೇನಾಗಿದೆ?

ಹೆಂಡತಿ: ಏನೂ ಆಗಿಲ್ಲ. ಒಂದು ಉಪಯೋಗಕ್ಕಾದ್ರೂ ಆಗಿದ್ರೆ ಸಾಕಿತ್ತು.

ಪೇಂಟರಿಗೆ ನಗು ಬಂತು. ಗಂಡನ ಮುಖ ನೋಡಿ, ಅದನ್ನು ಕೆಮ್ಮಿಗೆ ತಿರುಗಿಸಿಕೊಂಡ.

ಗಂಡ: ಎರಡು ದೋಣಿ ಮೇಲೆ ಕಾಲಿಟ್ಟೋರು ದಡ ಸೇರಿದ್ದುಂಟಾ?

ಹೆಂಡತಿ: ಅದಕ್ಕೆ ನಾಲ್ಕು ಕಾಲಿದೆ ರೀ. ದೋಣಿಗೆ ಎರಡೆರಡು.

ಗಂಡ: ಮಾತಿಗೇನು ಬರಗಾಲ ನಿನಗೆ! ಅಪ್ಪನ ಹಾಲು, ಅಮ್ಮನ ಕಾಲು ಬಂದ್ರೆ ಆಗ ಏನ್ಮಾಡ್ತೀಯ?

ಇಷ್ಟು ಹೊತ್ತು ಮಾತಿಗೆ ಮಾತು ಕೊಡುತ್ತಿದ್ದ ಹೆಂಡತಿಯ ಕಣ್ಣು ಕೊಟ್ಟಿಗೆಯ ಕಡೆ ಹೋಯಿತು.

ಹೆಂಡತಿ: ಅಮ್ಮನ ಕಾಲು ಅಂತ ಮಾತ್ರ ಅನ್ಬೇಡಿ. ಅದು ಜಾರಿ ಬಿದ್ದಾಗಲೆಲ್ಲ ಎತ್ತಿದೋಳು ನಾನು. ನೀವು ಹಾಲು ಚೆಲ್ಲೀತು ಅಂತ ಬಕೆಟ್ ಹಿಡ್ಕೊಂಡು ನಿಂತಿದ್ರಿ. ಬೆಳಗ್ಗೆ ಕೊಟ್ಟಿಗೆ ಬಾಗಿಲು ತೆಗೆಯೋವಾಗ ನನ್ನೆದೆ ಢವಢವ ಅನ್ನುತ್ತೆ, ಎದ್ದು ನಿಂತಿರುತ್ತೋ ಇಲ್ವೋ ಅಂತ. ಹಾಲು ಒಂದು ಚೊಂಬು ಕಮ್ಮಿಯಾದ್ರೆ ಆಗ್ಲಿ. ನನಗೆ ನಿಂತ್ಕೊಳ್ಳೋ ಹಸು ಬೇಕು.

ಪೇಂಟರ್ ಸೀಮೆಎಣ್ಣೆ ಬಟ್ಟೆಯಿಂದ ಕಡ್ಡಿ ಕಾಲುಗಳನ್ನು ಒರೆಸಿಹಾಕಿದ.

ಪೇಂಟರ್: ಹಾಗಾದ್ರೆ ಕರುವಲ್ಲಿ ಯಾರ ಯಾರ ಪಾಲು ಎಷ್ಟೆಷ್ಟು ಅಂತ ಹೇಳಿಬಿಡಿ ಅಕ್ಕಾ. ಒಂದೂ ಬಿಡದೆ ಬರೀತೀನಿ.

ಹೆಂಡತಿ: ದನದ ಡಾಕ್ಟ್ರು ಲೆಕ್ಕ ಹೇಳಿದ್ದಾರೆ. ಅಮ್ಮನದು ಅರ್ಧ. ಇನ್ನರ್ಧ ಹೋರಿ ಕಡೆಯಿಂದ. ಅದರಲ್ಲಿ ಅಜ್ಜನದು ಕಾಲು, ಅಜ್ಜಿಯದು ಕಾಲು.

ಗಂಡ: ಮತ್ತೆ ಅಪ್ಪನದು ಏನೂ ಇಲ್ವಾ?

ಹೆಂಡತಿ: ಅಪ್ಪ ಅಲ್ಲಿಂದ ತಂದು ಇಲ್ಲಿಗೆ ದಾಟಿಸ್ತಾನೆ, ಅಷ್ಟೆ. ಎಲ್ಲ ಮನೇಲೂ ಅಷ್ಟೆ.

ಪೇಂಟರ್: ಅಜ್ಜನದು ಕಾಲು. ಸರಿ. ಮುಂದಿನದಾ, ಹಿಂದಿನದಾ?

ಹೆಂಡತಿ: ಅಜ್ಜ ಅಂದ್ಮೇಲೆ ಹಿಂದಿನದೇ ಅಲ್ವಾ? ಹಿಂದಿನ ತಲೆಮಾರು.

ಪೇಂಟರ್: ಹಾಗಾದ್ರೆ ಮುಂದೆ ಅಜ್ಜೀದು.

ಗಂಡ: ಅಜ್ಜಿ ಯಾಕೆ ಮುಂದೆ?

ಪೇಂಟರ್: ಹಿಂದೆ ಅಜ್ಜ ಬಂದಾಯ್ತಲ್ಲ ಅಣ್ಣಾ, ಇನ್ನು ಜಾಗ ಎಲ್ಲಿದೆ? ಅಕ್ಕಾ, ಅಜ್ಜನ ಕಾಲು ದಪ್ಪನಾ, ಅಜ್ಜಿಯ ಕಾಲು ದಪ್ಪನಾ?

ಹೆಂಡತಿ: ಕಾಲಲ್ಲಿ ದಪ್ಪ ಸಣ್ಣ ಏನು ಬಂತು? ಕಾಲು ಅಂದ್ರೆ ಕಾಲು. ಇಬ್ಬರದೂ ಸಮ.

ಅಷ್ಟರಲ್ಲಿ ಕೊಟ್ಟಿಗೆಯಿಂದ ಹಸು ನರಳಿದ್ದು ಕೇಳಿ ಗಂಡಹೆಂಡಿರಿಬ್ಬರೂ ಓಡಿದರು. ಇನ್ನೂ ಹೊತ್ತಿದೆ ಎಂದು ಗೊಣಗಿಕೊಂಡು ವಾಪಸು ಬರುವಷ್ಟರಲ್ಲಿ ಪೇಂಟರ್ ಕೆಲಸ ಮುಗಿಸಿ, ಹೆಮ್ಮೆಯಿಂದ ಪಕ್ಕಕ್ಕೆ ಸರಿದು ನಿಂತಿದ್ದ.

ಹೆಂಡತಿ: ಇದೇನಿದು? ಮುಂದಿನ ಕಾಲೆಲ್ಲ ಸುಕ್ಕು!

ಪೇಂಟರ್: ಅಜ್ಜೀದಲ್ವಾ ಅಕ್ಕಾ.

ಗಂಡ: ಹಿಂದಿನ ಕಾಲು ಬಾಗಿಹೋಗಿದೆ!

ಪೇಂಟರ್: ಅಜ್ಜನಿಗೆ ವಯಸ್ಸಾಯ್ತು ಅಣ್ಣಾ. ಬೇಕಾದ್ರೆ ಒಂದು ಊರುಗೋಲು ಕೊಡ್ತೀನಿ.

ಹೆಂಡತಿ: ಅಯ್ಯೋ ನನ್ನ ಹಣೆಬರಹವೇ! ಕಾಲು ಅಂದ್ರೆ ನಾಲ್ಕರಲ್ಲಿ ಒಂದು ಕಣ್ರೀ!

ಪೇಂಟರ್: ಹೌದಕ್ಕಾ, ಹಸುವಿಗೆ ಇರೋದೇ ನಾಲ್ಕಲ್ವಾ?

ಅರ್ಧ, ಕಾಲು, ಮುಕ್ಕಾಲು ಎಂದು ಅವನಿಗೆ ಬಿಡಿಸಿ ಹೇಳುವಷ್ಟರಲ್ಲಿ ಅವಳ ಗಂಟಲು ಒಣಗಿತು. ಕೊನೆಗೆ ರಾಜಿಯಾಯಿತು. ಕಾಲು ಕಂಬದ ಹಾಗೆ, ಕೆಚ್ಚಲು ಬಿಂದಿಗೆಯ ಹಾಗೆ. ಕೆಳಗೆ 'ಹಾಲೂ ಉಂಟು, ಕಾಲೂ ಉಂಟು' ಎಂದು ಬರೆಯಲು ಗಂಡ ಹೇಳಿದ. ಬೋರ್ಡಿನಲ್ಲಿ ಅಷ್ಟು ಜಾಗವಿರಲಿಲ್ಲ. ಕೆಚ್ಚಲನ್ನು ಮುಟ್ಟಬಾರದೆಂದು ಅಪ್ಪಣೆಯಾಗಿದ್ದರಿಂದ ಪೇಂಟರ್ ಅಕ್ಷರಗಳಿಗೇ ಕತ್ತರಿ ಹಾಕಿ, ದಪ್ಪಗೆ 'ಹಾಲು ಕಾಲು' ಎಂದು ಬರೆದ. ಅದು ಒಣಗುವ ಮುಂಚೆಯೇ ಚಪ್ಪಲಿ ಅಂಗಡಿಯವನು ರಸ್ತೆ ದಾಟಿ ಬಂದ. ಹಸು ಮತ್ತೆ ನರಳಿದ್ದರಿಂದ ಹೆಂಡತಿ ಒಳಗೆ ಹೋಗಿದ್ದಳು.

ಚಪ್ಪಲಿ ಅಂಗಡಿಯವನು: ಹಾಲು ಕಾಲಾ? ಅಂದ್ರೆ ಮಿಕ್ಕ ಮುಕ್ಕಾಲು ನೀರಾ? ಇರ್ಲಿ ಬಿಡಿ, ನಿಜ ಹೇಳೋ ಹಾಲಿನಂಗಡಿ ಇದೊಂದೇ.

ಗಂಡ: ಆ ಕಾಲಲ್ಲ ಸ್ವಾಮಿ, ಈ ಕಾಲು!

ಚಪ್ಪಲಿ ಅಂಗಡಿಯವನು: ಕಾಲಿನ ವಿಷಯ ನನಗೆ ಹೇಳ್ಕೊಡ್ತೀರಾ?

ಅವನು ಕನ್ನಡಕ ಸರಿಮಾಡಿಕೊಂಡು ಚಿತ್ರದ ಮುಂದೆ ಬಗ್ಗಿದ.

ಚಪ್ಪಲಿ ಅಂಗಡಿಯವನು: ಹಸು. ನೂರಕ್ಕೆ ನೂರು ಹಸು! ನಾಳೆ ನನ್ನಂಗಡಿಗೆ ಬಾರಯ್ಯ.

ಪೇಂಟರಿಗೆ ಕಣ್ಣು ತುಂಬಿ ಬಂತು. ತಾನೇ ಬರೆದ ಹಸು ಅವನಿಗೆ ಮಂಜುಮಂಜಾಗಿ ಕಂಡಿತು. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಕೊಟ್ಟಿಗೆಯಿಂದ ಕೂಗು ಕೇಳಿಸಿತು.

ಹೆಂಡತಿ: ರೀ! ಬನ್ರೀ! ಹುಟ್ತು! ಎದ್ದು ನಿಂತೇಬಿಡ್ತು!

ಗಂಡನೂ ಪೇಂಟರೂ ಬಿದ್ದಂಬೀಳ ಓಡಿದರು. ಹೆಂಡತಿ ಒದ್ದೆ ಕೈಯಲ್ಲೇ ಕೆನ್ನೆ ಒರೆಸಿಕೊಳ್ಳುತ್ತ ನಗುತ್ತಿದ್ದಳು. ಕರು ನಾಲ್ಕೂ ಕಾಲನ್ನು ನೆಲಕ್ಕೆ ಊರಿ, ಯಾರ ಹಂಗೂ ಇಲ್ಲವೆಂಬಂತೆ ನಿಂತಿತ್ತು. ಮೂಗಿನಿಂದ ಬಾಲದವರೆಗೆ ಮಸಿಯಂತೆ ಕಪ್ಪು.

ಗಂಡ: ಈ ಕಪ್ಪು ಯಾರ ಪಾಲು?

ಪೇಂಟರ್: ಮುತ್ತಜ್ಜನದು ಅರೆಕಾಲು ಇರ್ಬೇಕು ಅಣ್ಣಾ.

ಗಂಡ: ಅದಿರ್ಲಿ. ಎಲ್ಲಿ, ಕೆಚ್ಚಲು ಕಾಣ್ತಾನೇ ಇಲ್ವಲ್ಲ?

ಹೆಂಡತಿ: ಅದು ಅಪ್ಪನದೇ ಬಂದಿದೆ. ನೀವೇ ಅಂದಿದ್ರಲ್ಲ, ಅಪ್ಪನ ಹಾಲು ಅಂತ. ಗಂಡು ಕರು ರೀ! ಕಾಲು ನೋಡಿ, ಕಾಲು!

ಗಂಡ ಕಾಲು ನೋಡಲಿಲ್ಲ. ಕರುವನ್ನು ನೋಡಿದ, ಬಾಗಿಲಾಚೆ ಕಾಣುತ್ತಿದ್ದ ಬೋರ್ಡನ್ನು ನೋಡಿದ, ಮತ್ತೆ ಕರುವನ್ನು ನೋಡಿದ.

ಪೇಂಟರ್: ಅಣ್ಣಾ, ಕೈ ಮುಗೀತೀನಿ, ಬೋರ್ಡ್ ಅಳಿಸು ಅಂತ ಮಾತ್ರ ಅನ್ಬೇಡಿ. ನನ್ನ ಕೈಯಲ್ಲಿ ಹಸುವಾಗಿ ಬಂದ ಹಸು ಅದೊಂದೇ.

ಗಂಡ: ಛೇ ಛೇ, ಅಷ್ಟು ಚೆನ್ನಾಗಿ ಬಂದಿರೋ ಬೋರ್ಡನ್ನ ಯಾರಾದ್ರೂ ಅಳಿಸ್ತಾರಾ? ಬಿಳೀ ಬಣ್ಣ ಎಷ್ಟು ಮಿಕ್ಕಿದೆ?

ಪೇಂಟರ್: ಕಾಲು ಡಬ್ಬಿ ಇದೆ. ಯಾಕಣ್ಣಾ?

ಗಂಡ: ಸಾಕು. ಕರು ಇನ್ನೂ ಚಿಕ್ಕದು.