ಅತ್ತೆಯವರ ಪ್ರಯಾಣಕ್ಕೆ ಅರಿಶಿನದ ನೀರು

ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಕರ್ಪೂರ ಬೆಳಗಿ, ಬೀದಿಯವರೆಲ್ಲ ನೋಡುತ್ತಿರುವಾಗ ‘ಹೊರಡಿ’ ಎಂದು ನಾನು ಕೈಯೆತ್ತಿದೆ. ನಮ್ಮವರು ಕೀಲಿ ತಿರುಗಿಸಿದರು. ಕಾರು ದಮ್ಮಿನ ರೋಗಿಯಂತೆ ಖೊರಖೊರ ಎಂದು ಸುಮ್ಮನಾಯಿತು. ನಿಂಬೆಹಣ್ಣು ದುಂಡಗೇ ಉಳಿಯಿತು. ಎದುರುಮನೆಯ ಧನಲಕ್ಷ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. (ಪೂಜಾಫಲ ಹೋಗಿ ಪೂಜಾಫೇಲ್ ಆದದ್ದು ಹೀಗೆ.)

ಹಿಂದಿನ ಸೀಟಿನಲ್ಲಿ ಅತ್ತೆ ಕಾವೇರಮ್ಮನವರು ವಿರಾಜಮಾನರಾಗಿದ್ದರು. ಯುಗಾದಿಯ ಒಬ್ಬಟ್ಟಿಗೆ ಬಂದವರು ಗೌರಿ ಬಾಗಿನ ಮುಗಿದರೂ ನನ್ನ ಅಡುಗೆಮನೆಯ ಸಿಂಹಾಸನ ಬಿಟ್ಟಿರಲಿಲ್ಲ. ಮಾವ ಒಬ್ಬರೇ ಇರುವ ಊರು ನೆನಪಾಗಿ, ಈಗ ತಾವಾಗಿಯೇ ‘ಮಾಗಡಿಗೆ ಓಗ್ಬೇಕು’ ಅಂದಿದ್ದರು. ಹತ್ತೂವರೆಗೆ ರಾಹುಕಾಲ, ನಾಳೆಯಿಂದ ಪಿತೃಪಕ್ಷ. ಅಷ್ಟರೊಳಗೆ ಕಾರು ಹೊರಡದಿದ್ದರೆ ಪಕ್ಷ ಮುಗಿಯುವವರೆಗೂ ಅವರು ನಮ್ಮ ಹೊಸಿಲು ದಾಟುವವರಲ್ಲ.

ನಮ್ಮವರು, ಅಂದರೆ ರೇಷ್ಮೆ ಇಲಾಖೆಯ ಗುಮಾಸ್ತ ಅನಂತರಾಜು, ಯಂತ್ರಶಾಸ್ತ್ರವನ್ನು ಮೊಬೈಲಿನ ವಿಡಿಯೊಗಳಲ್ಲಿ ವ್ಯಾಸಂಗ ಮಾಡಿದವರು. ಬಾನೆಟ್ ಎತ್ತಿ, ಗಲ್ಲಕ್ಕೆ ಕೈಯಿಟ್ಟು ನಿಂತರು. ಅಷ್ಟಕ್ಕೇ ಪಕ್ಕದ ಮನೆಯ ಚನ್ನಲಿಂಗಪ್ಪ ಹಾಜರ್. ಜೀವಮಾನವಿಡೀ ಬಸ್ಸಿನಲ್ಲಿ ಸೀಟಿ ಊದಿದ ಕಂಡಕ್ಟರು, ನಿವೃತ್ತಿಯಾದ ಮೇಲೆ ಮೆಕ್ಯಾನಿಕ್ಕಾಗಿದ್ದಾರೆ.

“ಕಾರ್ಬರೇಟ್ರಲ್ಲಿ ಕಸ ಐತೆ, ಬಿಚ್ಚಿ ಊದ್ರಿ.”

“ಇದರಲ್ಲಿ ಕಾರ್ಬರೇಟರೇ ಇಲ್ಲ ಸಾರ್. ಹಳೇದಾದ್ರೂ ಫ್ಯುಯಲ್ ಇಂಜೆಕ್ಷನ್ನು.”

“ಇಂಜೆಕ್ಷನ್ ಕೊಟ್ರೂ ಏಳ್ನಿಲ್ವಾ? ಹಂಗಾರೆ ಕಷ್ಟ ಬುಡಿ.”

ನಮ್ಮವರು ಹಿಂದಿನ ಬಾಗಿಲು ತೆಗೆದು, ಅತ್ತೆಯ ಪಾದದ ಬಳಿ ಮಂಡಿಯೂರಿದರು. ಬೀದಿಯವರು ಆಶೀರ್ವಾದ ಅಂದುಕೊಂಡರು. ಪೆಟ್ರೋಲ್ ಪಂಪು ಆ ಸೀಟಿನ ಕೆಳಗಿದೆಯಂತೆ. ಕೀಲಿ ಅರ್ಧ ತಿರುಗಿಸಿದರೆ ‘ಗುಂಯ್’ ಅನ್ನಬೇಕಂತೆ.

“ಅವ್ವ, ಒಸಿ ಉಸಿರು ಹಿಡ್ಕೊ. ಯಾವುದು ನಿಂದು, ಯಾವುದು ಪಂಪಿಂದು ಗೊತ್ತಾಯ್ತಿಲ್ಲ.”

“ಹೆತ್ತವ್ವನ ಉಸಿರು ನಿಲ್ಲಿಸ್ತೀಯೇನ್ಲಾ?”

“ರೀ, ಹತ್ತು ಗಂಟೆ ಆಯ್ತು” ಅಂದೆ. “ಆ ವಿಡಿಯೊ ವಿದ್ಯೆ ನಂಬ್ಕೊಂಡ್ರೆ ಅತ್ತೆ ಮಾಗಡಿ ಮುಟ್ಟಿದ ಹಾಗೇ. ಗಂಡಸರು ಮೂರು ಹೊತ್ತೂ ಇಂಜಿನ್ ನೋಡ್ತೀರಿ, ಅದಕ್ಕೆ ಏನು ಬೇಕು ಅಂತ ಒಂದು ದಿನವಾದ್ರೂ ಕೇಳಿದ್ದೀರಾ?”

ನಾನೇ ಕೀಲಿ ಅರ್ಧ ತಿರುಗಿಸಿದೆ. ಪಂಪು ಗುಂಯ್ ಅಂದಿತು. ನಮ್ಮವರು ಮುಂದಕ್ಕೆ ಬಂದು ಸ್ಪಾರ್ಕ್ ಪ್ಲಗ್ಗಿನ ರಬ್ಬರ್ ಟೊಪ್ಪಿ ಕಿತ್ತರು. ಪ್ಲಗ್ಗು ಕೂತಿದ್ದ ಗುಂಡಿಯಲ್ಲಿ ಹಳದಿ ನೀರು ತುಳುಕುತ್ತಿತ್ತು.

“ಇದೇನೇ ಇದು, ಅರಿಶಿನದ ನೀರು?”

ಬೀದಿಯವರೆಲ್ಲ ನನ್ನ ಕಡೆ ತಿರುಗಿದರು.

“ಪೂಜೆ ಅಂದ ಮೇಲೆ ಬರೀ ಮುಖ ತೊಳೆದ್ರೆ ಸಾಕಾ?” ಅಂದೆ. “ಒಳಗೂ ಶುದ್ಧವಾಗ್ಲಿ ಅಂತ ಎರಡು ಕೊಡ ಹೊಯ್ದೆ.” (ಶುಚಿತ್ವವೇ ದೈವತ್ವ ಎಂದು ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದರು. ಇಂಜಿನ್ನಿಗೆ ರಿಯಾಯಿತಿ ಉಂಟೆಂದು ಅವರು ಹೇಳಿರಲಿಲ್ಲ.)

“ಇಂಜೆಕ್ಷನ್ನಿನ ಜತೆ ಅಭ್ಯಂಜನವೂ ಆಯ್ತು” ಎಂದರು ಚನ್ನಲಿಂಗಪ್ಪ.

ಮಾನ ಹೋದರೂ ಅತ್ತೆ ಹೋಗಲಿ ಎಂದು ಓಡಿದೆ. ನನ್ನ ಹೇರ್ ಡ್ರೈಯರ್ ತಂದು, ವಯರು ಎಳೆದು, ನೀರನ್ನು ಹಳೇ ಬಟ್ಟೆಯಲ್ಲಿ ಹೀರಿಸಿ, ಬಾಣಂತಿಗೆ ಸಾಂಬ್ರಾಣಿ ಹಾಕುವ ಶ್ರದ್ಧೆಯಿಂದ ಒಂದೊಂದೇ ಗುಂಡಿ ಒಣಗಿಸಿದೆ. ನಮ್ಮವರು ಕೀಲಿ ತಿರುಗಿಸಿದರು. ಕಾರು ಗುಡುಗಿ ಎದ್ದಿತು. ರಾಹುಕಾಲಕ್ಕೆ ಇನ್ನೂ ಐದು ನಿಮಿಷ ಇತ್ತು. ಆನಂದದಲ್ಲಿ ಕಿಟಕಿಗೆ ಬಾಗಿ ಕೇಳಿದೆ:

“ಅತ್ತೆ, ನಿಮ್ಮ ಸೀರೆ ಪೆಟ್ಟಿಗೆ ಒಳಗೇ ಉಳೀತು. ತಂದು ಡಿಕ್ಕಿಯಲ್ಲಿ ಇಡ್ಲಾ?”

“ಅದ್ಯಾಕವ್ವ? ಸಂಜೀಕೆ ನಿಮ್ಮಾವನ್ನ ಕರ್ಕಂಡು ಬಂದ್ಬುಡ್ತೀನಲ್ಲ. ಬಸ್ಸು ಅಂದ್ರೆ ಆವಯ್ಯ ಮನೆ ಬುಟ್ಟು ಕದಲಾಕಿಲ್ಲ, ನೀನು ಕಾರು ರಿಪೇರಿ ಮಾಡಿದ್ದು ಒಳ್ಳೇದಾಯ್ತು. ಈ ಸತಿ ಹಿರೀಕರ ಎಡೆ ನಿಮ್ಮನೇಲೇ ಇಕ್ಕನ, ನೆಂಟ್ರಿಗೆಲ್ಲ ಯೋಳಿವ್ನಿ.”