ಭಾವನವರ ಕೆಂಪು ಕಾರಿನ ‘ಕುಂಯ್’

ನಮ್ಮ ಭಾವನವರ ಜೊತೆ ಕಲ್ಲಂಗಡಿ ಹಣ್ಣು ಕೊಳ್ಳಲು ಮಾತ್ರ ಹೋಗಬೇಡಿ! ಹೋದಿರೋ, ಕೆಟ್ಟಿರಿ. ಕೈಗಾಡಿಯಲ್ಲಿರುವ ಒಂದೊಂದು ಹಣ್ಣಿಗೂ ಬೆರಳಿನಿಂದ ಟಕ್ ಟಕ್ ಎಂದು ಬಡಿದು, ಕಿವಿ ಹಚ್ಚಿ, ಕಣ್ಣು ಮುಚ್ಚಿ, ‘ಊಹೂಂ’ ಎಂದು ತಲೆಯಾಡಿಸುತ್ತಾರೆ. ಹಣ್ಣು ಹಾಳಾಗಲಿ, ಒಂದು ಲೋಟ ನೀರು ಸಿಕ್ಕರೆ ಸಾಕಪ್ಪಾ ಎಂದು ನಿಮಗೆ ಅನ್ನಿಸುವಷ್ಟರಲ್ಲಿ ಹಣ್ಣಿನವನೇ ಕೈಮುಗಿದು ಪಕ್ಕದವನ ಗಾಡಿ ತೋರಿಸುತ್ತಾನೆ.

ತಪ್ಪು ಅವರದಲ್ಲ. ಪುಣೆಯ ಹತ್ತಿರದ ಚಿಂಚವಾಡದ ಪಂಪಿನ ಫ್ಯಾಕ್ಟರಿಯೊಂದರಲ್ಲಿ ಜೀವಮಾನವಿಡೀ ಅವರು ಮಾಡಿದ್ದು ಇದೇ ಕೆಲಸ. ತಯಾರಾದ ಮಾಲನ್ನು ಬಡಿದು, ನಡೆಸಿ, ಸಪ್ಪಳ ಕೇಳಿ ಪಾಸೋ ನಪಾಸೋ ಹೇಳುವುದು. ನಿವೃತ್ತರಾದ ಮೇಲೆ ಪಂಪುಗಳು ಪಾರಾದವು, ನಾವು ಸಿಕ್ಕಿಬಿದ್ದೆವು. ಕುಕ್ಕರಿನ ಸೀಟಿ, ಫ್ಯಾನಿನ ಗೊರಗೊರ, ನನ್ನ ಮೊಣಕಾಲಿನ ಲಟಕ್, ಯಾವುದೂ ಪಾಸಾಗಲಿಲ್ಲ! ಪುಣೆಯ ಕೊಂಢವಾ ಬಡಾವಣೆಯ ತಮ್ಮ ಫ್ಲ್ಯಾಟಿನಲ್ಲಿ ಕೂತುಕೊಂಡೇ, ಮೇಲಿನಿಂದ ಬರುವ ರೊಟ್ಟಿ ಬಡಿಯುವ ಸಪ್ಪಳ ಕೇಳಿ, “ಇವತ್ತ ಮ್ಯಾಲಿನವ್ರ ಹಿಟ್ಟು ತೆಳ್ಳಗಾಗೇದ ನೋಡು” ಎಂದು ವರದಿ ಕೊಡುವವರು ಅವರು. ಇಂಥ ಕಿವಿಯವರು ನಿವೃತ್ತಿಯ ಮೇಲೆ ಏನು ಕೊಳ್ಳಬೇಕು ಹೇಳಿ? ಆರಾಮ ಕುರ್ಚಿಯೇ? ರೇಡಿಯೋವೇ? ಅವರು ಕೊಂಡದ್ದು, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಓಡುವ, ಎರಡೇ ಸೀಟಿನ, ಕೆಂಪು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರು!

“ಎರಡ ಸೀಟು ಯಾಕ್ರೀ ಭಾವಾ?” ಎಂದು ಕೇಳಿದೆ.

“ಮೂರನೇವ್ರು ಬರಬಾರ್ದಂತ” ಎಂದರು.

ಹೇಳುವಾಗ ನನ್ನ ಮುಖವನ್ನೇ ನೋಡಿದರು. ಸಿಟ್ಟು ಬಂತು, ಆದರೆ ಮಾತು ಸುಳ್ಳಲ್ಲ. ಮದುವೆಯಾದಾಗಿನಿಂದ ಅಕ್ಕನನ್ನು ಕರೆದುಕೊಂಡು ಅವರು ಎಲ್ಲಿಗೆ ಹೊರಟರೂ ಜೊತೆಗೆ ಅವರ ಅವ್ವ, ಮಕ್ಕಳು, ವಿಜಾಪುರದಿಂದ ಬಂದ ಯಾರಾದರೊಬ್ಬರು, ಮತ್ತು ತಪ್ಪದೇ ನಾನು! ಈಗ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಬ್ಬರೇ ರಾಂಜಣಗಾಂವದ ಗಣಪತಿಗೆ ಹೋಗಿಬರಬೇಕು ಎಂಬುದು ಅವರ ಆಸೆ.

ಕಾರು ಬಂದ ದಿನ ಅಕ್ಕ ಆರತಿ ಬೆಳಗಿದಳು, ಚಕ್ರದಡಿ ಲಿಂಬೆಹಣ್ಣು ಇಟ್ಟದ್ದೂ ಆಯಿತು. ಭಾವ ಗತ್ತಿನಿಂದ ಗೇಟಿನವರೆಗೆ ಹೋಗಿ ಬ್ರೇಕು ಒತ್ತಿದರು. ‘ಕುಂಯ್ಯ್ಯ್!’ ಬಾಲ ತುಳಿಸಿಕೊಂಡ ನಾಯಿಮರಿಯೂ ಹಾಗೆ ಕೂಗಲಿಕ್ಕಿಲ್ಲ. ಅಕ್ಕ ತಟ್ಟೆ ಹಿಡಿದುಕೊಂಡೇ ಹಿಂದೆ ಸರಿದಳು.

“ಮೊದಲ ಆ ಬ್ರೇಕ್ ಸರಿ ಮಾಡಸ್ರಿ. ಆಮ್ಯಾಲ ಕೂಡ್ತೀನಿ” ಎಂದಳು.

ಆ ಮಾತಿಗೆ ನಾವು ಯಾರೂ ನಗಲಿಲ್ಲ. ಕೆಲವು ವರ್ಷಗಳ ಹಿಂದೆ ಮದುವೆಯೊಂದನ್ನು ಮುಗಿಸಿ ಬರುವಾಗ, ಅಕ್ಕ ಕೂತಿದ್ದ ಬಾಡಿಗೆ ಜೀಪಿನ ಬ್ರೇಕು ಘಾಟಿನ ಇಳಿಜಾರಿನಲ್ಲಿ ಕೈಕೊಟ್ಟಿತ್ತು. ಡ್ರೈವರು ಜೀಪನ್ನು ಗುಡ್ಡಕ್ಕೆ ಗುದ್ದಿ ನಿಲ್ಲಿಸಿದ್ದರಿಂದ ಎಲ್ಲರೂ ಬದುಕಿದರು. ಆದರೆ ಅಂದಿನಿಂದ ಅಕ್ಕ ಯಾರ ಕಾರನ್ನೂ ಹತ್ತಿಲ್ಲ. ರಿಕ್ಷಾದಲ್ಲಿ ಕೂತರೂ ಕಂಬಿ ಹಿಡಿದ ಕೈ ಬಿಡುವುದಿಲ್ಲ. ಅಂಥವಳು ‘ಆಮೇಲೆ ಕೂಡ್ತೀನಿ’ ಎಂದದ್ದೇ ಭಾವನವರಿಗೆ ದೊಡ್ಡ ವರ ಸಿಕ್ಕಂತಾಗಿತ್ತು.

ಅಲ್ಲಿಂದ ಶುರುವಾಯಿತು ನೋಡಿ! ಭಾವ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ನನ್ನನ್ನಂತೂ ಬಿಡಲೇ ಇಲ್ಲ. ನಾನು ಪಕ್ಕದ ಓಣಿಯವಳು. ಶಾಲೆಯಲ್ಲಿ ಮಕ್ಕಳ ಜೊತೆ ಒದರಿ ಬಂದು ಇನ್ನೇನು ಕಾಲು ಚಾಚಬೇಕು, ಫೋನು! “ಏ ಯವ್ವಾ, ಸಪ್ಪಳ ಬರಾಕತ್ತದ. ಲಗೂನ ಬಾ!” ಸಪ್ಪಳವೇನು ಬೀಗರೇ, ತಡವಾದರೆ ಮುನಿಸಿಕೊಂಡು ಎದ್ದು ಹೋಗಲಿಕ್ಕೆ? ಆಣೆ ಮಾಡಿ ಹೇಳುತ್ತೇನೆ, ಹಾಗೇ ಹೋಗುತ್ತಿತ್ತು!

ನನ್ನ ಕೆಲಸವೆಂದರೆ, ಪಾರ್ಕಿಂಗಿನಲ್ಲಿ ಕಾರಿನ ಪಕ್ಕ ಬಗ್ಗಿಕೊಂಡು ಓಡುತ್ತ ಸಪ್ಪಳ ಯಾವ ಚಕ್ರದ್ದು ಎಂದು ಹೇಳುವುದು. ಒಂದು ಸಂಜೆ ಹೀಗೆ ಓಡುತ್ತಿದ್ದಾಗ ಮೇಲಿನ ಬಾಲ್ಕನಿಯ ಮರಾಠಿ ಅಜ್ಜಿ, “ಕಾಯ್ ಪಡಲಂ ಗ?” ಎಂದು ಕೂಗಿದರು. ಏನು ಬಿತ್ತು ಎಂದು ಕೇಳಿದರೆ ಏನು ಹೇಳಲಿ? ನಾಚಿಕೆಯಾಗಿ, ಕಿವಿಯೋಲೆ ಎಂದುಬಿಟ್ಟೆ. ಪುಣ್ಯಾತ್ಗಿತ್ತಿ ಕೋಲು ಊರಿಕೊಂಡು ಕೆಳಗೇ ಬಂದರು. ನನಗಿಂತ ಜಾಸ್ತಿ ಬಗ್ಗಿ, ಮೂಲೆ ಮೂಲೆ ಕೆದಕಿ, ಒಂದು ಕಿವಿಯೋಲೆ ಹುಡುಕಿಯೂ ಕೊಟ್ಟರು. ಅದು ಯಾರದೋ, ಇವತ್ತಿಗೂ ಗೊತ್ತಾಗಿಲ್ಲ!

ಮುಂದಿನದು ರಸ್ತೆಯ ಪರೀಕ್ಷೆ. ಅಕ್ಕನಿಗಾಗಿ ಕೊಂಡ ಸೀಟಿನಲ್ಲಿ ನಾನು. ಗುರುತಿನವರು ನೋಡಿದರೆ ಏನಂದಾರು ಎಂದು, ಪುಣೆಯ ಹುಡುಗಿಯರು ಸ್ಕೂಟರಿನ ಮೇಲೆ ಸುತ್ತಿಕೊಳ್ಳುವ ಹಾಗೆ ಕಣ್ಣೆರಡು ಬಿಟ್ಟು ಮುಖಕ್ಕೆಲ್ಲ ಓಢಣಿ ಸುತ್ತಿಕೊಂಡು ಕೂತೆ. ಆದರೆ ಕಾರಿನ ಹೊಟ್ಟೆ ನೆಲಕ್ಕೇ ಹತ್ತಿಕೊಂಡಿದೆಯಲ್ಲ, ಸ್ಪೀಡ್ ಬ್ರೇಕರ್ ಬಂದಾಗಲೆಲ್ಲ ಭಾವ, “ಇಳೀ, ಇಳೀ! ವಜ್ಜಾ ಕಡಿಮಿ ಆಗಬೇಕು” ಎನ್ನುವರು. ನಾನು ಇಳಿದು, ದಿಬ್ಬ ದಾಟಿ, ಮತ್ತೆ ಹತ್ತಬೇಕು. ಕೊಂಢವಾದ ರಸ್ತೆಗಳನ್ನು ಬಲ್ಲವರು ನನ್ನ ಅವಸ್ಥೆ ಊಹಿಸಿಕೊಳ್ಳಲಿ. ಅಂದು ನಾನು ಸ್ಪೋರ್ಟ್ಸ್ ಕಾರಿನಲ್ಲಿ ಕೂತದ್ದಕ್ಕಿಂತ ಅದರ ಮುಂದೆ ನಡೆದದ್ದೇ ಹೆಚ್ಚು. ಕೊನೆಗೆ ನಮ್ಮ ಶಾಲೆಯ ಜವಾನ ಎದುರು ಸಿಕ್ಕಿ, “ಮೇಡಂ, ಗಾಡಿ ಬಂದ್ ಪಡಲೀ ಕಾ?” ಎಂದು, ಗಾಡಿ ಕೆಟ್ಟು ನಿಂತಿತೇ ಎಂದು, ಮರುಕದಿಂದ ಕೇಳಿದ. ಮುಖ ಮುಚ್ಚಿಕೊಂಡರೂ ನಡಿಗೆ ಮುಚ್ಚಲಾದೀತೇ!

ಇನ್ನು ಗ್ಯಾರೇಜು. ಮೇಸ್ತ್ರಿಯ ಎದುರು ಕಾರು ತುಟಿಪಿಟಕ್ಕೆನ್ನಲಿಲ್ಲ. ಅವನು ಹಿಂದೆ ಮುಂದೆ ಓಡಿಸಿ ನೋಡಿ, “ಕಾಕಾ, ಆವಾಜ್ ನಾಹೀಚ್!” ಎಂದ. ಸಪ್ಪಳವೇ ಇಲ್ಲವಂತೆ! ತಿರುಗಿ ಹೊರಟು ಗ್ಯಾರೇಜಿನ ಗೇಟು ದಾಟಿದೆವೋ ಇಲ್ಲವೋ, ‘ಕುಂಯ್ಯ್!’ ಭಾವ ಗಾಡಿ ತಿರುಗಿಸಿದರು. ಮತ್ತೆ ಮೌನ. ಮರುದಿನ ದೂರದಿಂದ ಕೆಂಪು ಬಣ್ಣ ಕಂಡದ್ದೇ ತಡ, ಮೇಸ್ತ್ರಿ ಶಟರ್ ಎಳೆದುಕೊಂಡ.

ಭಾವನವರು ದಿನಕ್ಕೊಂದು ಕಾರಣ ಕಂಡುಹಿಡಿಯತೊಡಗಿದರು. ಒಂದು ದಿನ ಮೆಟ್ರೋ ಕೆಲಸದ ಧೂಳು. ಇನ್ನೊಂದು ದಿನ ಬೆಳಗಿನ ಇಬ್ಬನಿ. ಕಾರಣಗಳೆಲ್ಲ ಮುಗಿದ ಮೇಲೆ, “ಮೊದಲಿನ ಮಾಲಕ ಮುಂಬೈಯಾಂವ. ಭಾಳ ಗಡಿಬಿಡಿ ಮಂದಿ. ಆ ಚಟಾ ಗಾಡಿಗೂ ಹತ್ತೇದ” ಎಂದರು. ಊಟದ ತಟ್ಟೆಯ ಮುಂದೆಯೂ ಕಾಲು ಬ್ರೇಕು ಒತ್ತಿದಂತೆ ಅಲ್ಲಾಡುತ್ತಿತ್ತು. ಅಕ್ಕ ನನ್ನೆದುರು ಗೊಣಗಿದಳು: “ನನ್ನ ಮಾತು ಇಷ್ಟ ಕಿವಿಗೊಟ್ಟು ಎಂದಾರ ಕೇಳ್ಯಾರೇನ ಕೇಳು!” ಗೊಣಗಿದರೂ, ಪ್ರತಿ ಸಲ ಕಾರು ಗೇಟಿನೊಳಗೆ ಬಂದಾಗ ಬಾಲ್ಕನಿಗೆ ಬಂದು ನಿಲ್ಲುತ್ತಿದ್ದಳು. ‘ಕುಂಯ್’ ಕೇಳಿದರೆ ಒಳಗೆ ಹೋಗುತ್ತಿದ್ದಳು. ಭಾವ ಕೆಳಗಿನಿಂದ ಅದನ್ನು ನೋಡುತ್ತಿದ್ದರು.

ಕಡೆಗೊಂದು ಭಾನುವಾರ ಅವರೇ ಕಾರನ್ನು ಜಾಕಿನ ಮೇಲೆ ಎತ್ತಿ, ಮುಂದಿನ ಎರಡೂ ಚಕ್ರ ಬಿಚ್ಚಿ, ಬ್ರೇಕ್ ಪ್ಯಾಡುಗಳನ್ನು ಪೇಪರಿನ ಮೇಲೆ ಹರವಿಕೊಂಡು ಕೂತರು. ಅಕ್ಕನ ಹಬ್ಬದ ಚಮಚ ತೆಗೆದುಕೊಂಡು ಒಂದೊಂದನ್ನೇ ಬಡಿದರು. ಎಲ್ಲವೂ ‘ಠಪ್’ ಎಂದವು, ಒಂದು ಮಾತ್ರ ‘ಟಣ್’ ಎಂದಿತು! ಪ್ಯಾಡಿನ ಬೆನ್ನಿಗೆ ಇರಬೇಕಾದ ತೆಳ್ಳನೆಯ ತಗಡು ಅದಕ್ಕೆ ಇರಲೇ ಇಲ್ಲ. ಆ ತಗಡಿಲ್ಲದೆ ಪ್ಯಾಡು ನಡುಗುತ್ತದೆ, ನಡುಗಿದರೆ ಕೂಗುತ್ತದೆ. ಇಷ್ಟೇ! ಹೊಸ ತಗಡು ತಂದು ಹಾಕಿದರು. ಇಳಿಜಾರಿನಲ್ಲಿ ಮೇಲೆ ಕೆಳಗೆ ಓಡಿಸಿ ಒತ್ತಿದರು, ಒತ್ತಿದರು, ಒತ್ತಿದರು. ಚಕಾರವಿಲ್ಲ. “ಪಾಸ್!” ಎಂದು ಕೂಗಿದಾಗ ಅವರ ಕಣ್ಣಲ್ಲಿ ನೀರಿತ್ತು.

ರಾಂಜಣಗಾಂವಕ್ಕೆ ಹೊರಡುವ ದಿನ ಬಂತು. ಅಕ್ಕ ಇಳಕಲ್ ಸೀರೆ ಉಟ್ಟು, ಉಸಿರು ಬಿಗಿಹಿಡಿದು, ಬಗ್ಗಿ ಕಾರಿನಲ್ಲಿ ಕೂತಳು. “ದೊಡ್ಡ ರಸ್ತೆ ಬರೂತನಾ ನೀ ಹಿಂದಿಂದ ಬಾ” ಎಂದು ನನಗೆ ಹೇಳಿದಳು. ನಾನು ಸ್ಕೂಟರಿನ ಮೇಲೆ ಹಿಂದೆಯೇ ಹೊರಟೆ. ಕಾರು ಇಳಿಜಾರು ಇಳಿಯಿತು. ಬ್ರೇಕಿನ ದೀಪ ಹತ್ತಿತು. ಒಂದಿಷ್ಟೂ ಸಪ್ಪಳವಿಲ್ಲದೆ ತಗ್ಗಿನಲ್ಲಿ ನಿಂತುಕೊಂಡಿತು. ಅಲ್ಲಿ ಬಾಗಿಲು ತೆರೆದು ಅಕ್ಕ ಇಳಿದುಬಿಟ್ಟಳು! ಮುಖ ಬಿಳಿಚಿಕೊಂಡಿತ್ತು.

“ಏನಾತ ಅಕ್ಕಾ?”

“ಆ ಜೀಪಿನ್ಯಾಗೂ ಹಿಂಗ ಆಗಿತ್ತು. ಡ್ರೈವರ ಒತ್ತಿದಾ, ಒತ್ತಿದಾ, ಏನೂ ಸಪ್ಪಳ ಬರಲಿಲ್ಲ. ಇವ್ರು ಒತ್ತಿದ್ರೂ ಸಪ್ಪಳಿಲ್ಲ. ಬ್ರೇಕ್ ಹಿಡದಾವೋ ಇಲ್ಲೋ ನನಗ ಹೆಂಗ ಗೊತ್ತಾಗಬೇಕು?”

ಮುಗಿಯಿತು! ಭಾವ ಈಗ ತಗಡು, ಪ್ಯಾಡು, ಡಿಸ್ಕು ಎಂದು ಭಾಷಣ ಹೊಡೆಯುತ್ತಾರೆ ಎಂದುಕೊಂಡೆ. ಅವರೋ, ಅವಳನ್ನೊಮ್ಮೆ ನೋಡಿ, ಅವಳ ಸೀಟನ್ನು ಅಂಗೈಯಿಂದ ಒರೆಸಿ, “ಒಂದ ಸಲ ಕೂಡು. ಸಿಗ್ನಲ್‌ತನಾ ಅಷ್ಟ. ಹೆದರಿಕಿ ಬಂದ್ರ ಇಳದುಬಿಡು” ಎಂದರು. ಅಕ್ಕ ನನ್ನ ಮುಖ ನೋಡಿದಳು. ದೇವರನ್ನು ನೆನೆದು ಕೂತಳು.

ಸ್ವಲ್ಪ ಮುಂದೆ ಟೆಂಪೋ ಒಂದು ಅಡ್ಡ ಬಂತು. ಕಾರಿನ ದೀಪ ಹತ್ತಿತು. ಜೊತೆಗೇ ‘ಕುಂಯ್!’ ಅಯ್ಯೋ ಶಿವನೇ, ಮತ್ತೆ ಬಂತಲ್ಲಪ್ಪ! ಮತ್ತೆ ಬಗ್ಗಿ ಓಡಬೇಕೇ? ರಸ್ತೆಯ ಗುಂಡಿಯ ಹತ್ತಿರ ಇನ್ನೊಮ್ಮೆ ‘ಕುಂಯ್!’ ತಡೆಯಲಾರದೆ ಸ್ಕೂಟರ್ ಓಡಿಸಿ, ಕಾರು ಸಿಗ್ನಲ್ಲಿಗೆ ನಿಧಾನವಾಗುತ್ತಿದ್ದಂತೆ ಅದರ ಪಕ್ಕಕ್ಕೆ ಹೋದೆ.

ಕಿಟಕಿಗಳು ತೆರೆದಿದ್ದವು. ಭಾವನವರ ಎರಡೂ ಕೈ ಸ್ಟೇರಿಂಗಿನ ಮೇಲೆ, ಕಣ್ಣು ರಸ್ತೆಯ ಮೇಲೆ. ಬ್ರೇಕಿನ ಮೇಲೆ ಕಾಲು ಇಳಿದಷ್ಟೂ ಹೊತ್ತು ತುಟಿ ಮುಂದೆ ಚಾಚಿಕೊಂಡು, ಬಾಯಿಯಿಂದ, “ಕುಂಯ್ಯ್ಯ್ಯ್...” ಪಕ್ಕದ ರಿಕ್ಷಾದವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಭಾವ ಅತ್ತ ತಿರುಗಲೂ ಇಲ್ಲ. ನನಗೆ ನಗು ಬಂತು, ನಗುವಿನ ಜೊತೆಗೇ ಕಣ್ಣೂ ತುಂಬಿತು.

ಅಕ್ಕನ ಕೈ ಬಾಗಿಲಿನ ಮೇಲಿರಲಿಲ್ಲ, ಮಡಿಲಲ್ಲಿತ್ತು. ಅವಳೂ ನೆಟ್ಟಗೆ ರಸ್ತೆಯನ್ನೇ ನೋಡುತ್ತ ಹೇಳಿದಳು:

“ಸ್ವಲ್ಪ ಜೋರ ಅನ್ರಿ. ಗದ್ದಲದಾಗ ಕೇಳಸವಲ್ದು.”