ಗುಬ್ಬಿಯ ಅಮ್ಮನ ಕೆಮ್ಮು

ಬೇಸಿಗೆಯಲ್ಲಿ ಶನಿವಾರ, ಭಾನುವಾರಗಳ ಬಾಲಕ್ಕೆ ಸೋಮವಾರದ ರಜೆಯೊಂದು ಅಂಟಿಕೊಂಡು ಬಂದರೆ ಲೋಕದ ಜನಕ್ಕೆಲ್ಲ ಬೆಟ್ಟ, ಕೆರೆ, ಕಡಲು ನೆನಪಾಗುತ್ತವೆ. ಗುಬ್ಬಿಯ ಅಮ್ಮನಿಗೆ ನೆನಪಾಗುವುದು ಮೇಜಿನ ಮೂಲೆಗಳು. ಮೂಲೆ ಎಂದರೆ ಹಣೆ, ಹಣೆ ಎಂದರೆ ಗಾಯ, ಗಾಯ ಎಂದರೆ ಹೊಲಿಗೆ. ಹೀಗೆ ಕುಳಿತಲ್ಲಿಂದಲೇ ಅವಳ ಮನಸ್ಸು ಒಂದೇ ಉಸಿರಿಗೆ ಆಸ್ಪತ್ರೆ ತಲುಪಿ, ಹಾಸಿಗೆ ಖಾಲಿ ಇದೆಯೇ ಎಂದು ವಿಚಾರಿಸಿಕೊಂಡು ಬರುತ್ತದೆ. ಆದ್ದರಿಂದ ಈ ಸಲ ನೆಂಟರಿಷ್ಟರು ರಜೆಗೆ ತಮ್ಮ ಮನೆಗೇ ಬರುತ್ತಾರೆಂದು ಗೊತ್ತಾದ ಕೂಡಲೇ ಮೇಜು, ಟೀಪಾಯಿ, ಟಿವಿ ಸ್ಟ್ಯಾಂಡುಗಳು ಮೂಲೆಮೂಲೆಗೂ ಹಳೆಯ ಕಾಲುಚೀಲ ತೊಟ್ಟುಕೊಂಡು, ಶಾಲೆಗೆ ಹೊರಟ ಮಕ್ಕಳ ಹಾಗೆ ಸಾಲಾಗಿ ನಿಂತವು.

ಗುಬ್ಬಿಗೆ ನಾಲ್ಕು ವರ್ಷ. ಈ ನಾಲ್ಕು ವರ್ಷದಲ್ಲಿ ಆ ಮಗು ಬಿದ್ದದ್ದಕ್ಕಿಂತ ಅಮ್ಮ ಹಿಡಿದುಕೊಂಡದ್ದೇ ಹೆಚ್ಚು.

ಗುಬ್ಬಿಯ ಅಪ್ಪ ವಿಮಾ ಕಂಪನಿಯ ಅಧಿಕಾರಿ. ಬೆಳಗಿನಿಂದ ಸಂಜೆಯವರೆಗೆ “ನಾಳೆ ಏನಾಗುತ್ತೋ ಯಾರಿಗೆ ಗೊತ್ತು ಸಾರ್” ಎಂದು ಕಂಡವರನ್ನೆಲ್ಲ ಹೆದರಿಸಿ ಅನ್ನ ಸಂಪಾದಿಸುವವನು. ಮನೆಯ ಹೊಸ್ತಿಲು ದಾಟಿದೊಡನೆ ಮಾತ್ರ “ಏನೂ ಆಗಲ್ಲ ಬಿಡೇ” ಎನ್ನುವ ಮಹಾಶೂರ. (ಏನೂ ಆಗುವುದಿಲ್ಲವೆಂದು ಅಷ್ಟು ಖಾತ್ರಿಯಿದ್ದರೆ ನಿಮ್ಮ ಕಂಪನಿ ಯಾಕೆ ಬೇಕು ಎಂದು ಅವಳು ಒಮ್ಮೆ ಕೇಳಿದ್ದಳು. ಉತ್ತರ ಇನ್ನೂ ಮೇಲಧಿಕಾರಿಗಳ ಪರಿಶೀಲನೆಯಲ್ಲಿದೆ.)

ಈ ಸಲದ ರಾದ್ಧಾಂತ ಶುರುವಾದದ್ದು ಅತ್ತೆಯವರ ಫೋನಿನಿಂದ.

“ರಜೆಗೆ ಬರ್ತೀನಲ್ಲ, ಹೋಗೋವಾಗ ಗುಬ್ಬೀನ ಒಂದು ವಾರ ನನ್ನ ಜೊತೆ ಕಳಿಸು. ಮಗು ಮಣ್ಣು ಮುಟ್ಟಿಲ್ಲ, ಮರ ಹತ್ತಿಲ್ಲ. ಚೀನಾ ಪಿಂಗಾಣಿ ಥರ ಇಟ್ಟಿದ್ದೀಯ.”

“ನಾನಿಲ್ಲದೆ ಅವಳಿಗೆ ನಿದ್ದೆ ಬರಲ್ಲ ಅತ್ತೆ.”

“ಅವಳಿಗೋ, ನಿನಗೋ?”

ಫೋನ್ ಸ್ಪೀಕರಿನಲ್ಲಿತ್ತು. ನಡುವೆ ಬಾಯಿ ಹಾಕಿದ ಗಂಡ ಬೆಂಕಿ ಆರಿಸುವ ಉತ್ಸಾಹದಲ್ಲಿ ತುಪ್ಪ ಸುರಿದ. “ಒಂದು ಪಂದ್ಯ ಕಟ್ಟೋಣ. ಶನಿವಾರ ಬೆಳಿಗ್ಗೆಯಿಂದ ಭಾನುವಾರ ಸಂಜೆವರೆಗೂ ಇವಳು ಗುಬ್ಬಿಗೆ ‘ಹುಷಾರು’, ‘ನಿಧಾನ’, ‘ಮುಟ್ಟಬೇಡ’, ‘ಬಿದ್ದೀಯಾ’ ಅಂತ ಒಂದು ಮಾತೂ ಆಡಬಾರದು. ಆಡಿದ್ರೆ ಗುಬ್ಬಿ ಒಂದು ವಾರ ಅಜ್ಜಿ ಮನೆಗೆ. ಆಡದಿದ್ರೆ ಅಮ್ಮಾ, ನೀನು ಇನ್ನು ಈ ವಿಷಯ ಎತ್ತೋ ಹಾಗಿಲ್ಲ.”

“ಒಪ್ಪಿದೆ,” ಎಂದರು ಅತ್ತೆ. “ಒಂದು ಗಂಟೆ ತಡ್ಕೊಂಡ್ರೆ ನಾನೇ ಹಾರ ಹಾಕಿ ಸನ್ಮಾನ ಮಾಡ್ತೀನಿ.”

ಅಷ್ಟು ಕೇಳಿದ ಮೇಲೆ ಯಾವ ಸ್ವಾಭಿಮಾನಿ ಸೊಸೆ ಹಿಂದೆ ಸರಿದಾಳು? “ಒಪ್ಪಿದೆ” ಎಂದು ಅವಳೂ ಅಂದುಬಿಟ್ಟಳು. ಫೋನ್ ಇಟ್ಟ ಮೇಲೆ ಬೆರಳು ಮಡಿಸಿ ಲೆಕ್ಕ ಹಾಕಿದಳು. ಆ ನಾಲ್ಕು ಮಾತು ತೆಗೆದರೆ ಅವಳ ಬಳಿ ಉಳಿಯುವ ಭಾಷೆಯಾದರೂ ಯಾವುದು? ವಾರವೆಂದರೆ ವಾರ! ಅತ್ತೆಯ ಮನೆಯಲ್ಲಿ ಬಚ್ಚಲಿನ ನೆಲ ಕನ್ನಡಿಯ ಹಾಗೆ ಜಾರುತ್ತದೆ, ಮೆಟ್ಟಿಲಿಗೆ ಕಂಬಿಯಿಲ್ಲ, ರಾತ್ರಿ ಹೊದಿಕೆ ಸರಿದರೆ ಎದ್ದು ಹೊದಿಸುವವರಿಲ್ಲ.

ಆದರೆ ಓದಿದ ಹುಡುಗಿಯ ತಲೆ ಸುಮ್ಮನಿರುತ್ತದೆಯೇ? ಪಂದ್ಯದಲ್ಲಿ ಮಾತಿಗೆ ನಿಷೇಧವಿದೆ, ಗಂಟಲಿಗೆ ಇಲ್ಲ. ಶುಕ್ರವಾರ ಸಂಜೆ ಗುಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಗುಪ್ತ ಸಂಕೇತವೊಂದನ್ನು ಕಲಿಸಿದಳು. ಅಮ್ಮ ಒಂದು ಸಲ ಕೆಮ್ಮಿದರೆ ಹತ್ತಿದ್ದು ಇಳಿ. ಎರಡು ಸಲ ಕೆಮ್ಮಿದರೆ ಬಾಯಲ್ಲಿರುವುದನ್ನು ಉಗಿ. ಉದ್ದಕ್ಕೆ ಎಳೆದು ಕೆಮ್ಮಿದರೆ ಇದ್ದಲ್ಲಿಂದ ಓಡಿ ಬಾ.

“ಇದು ನಮ್ಮಿಬ್ಬರ ಗುಟ್ಟು. ಯಾರಿಗೂ ಹೇಳಬಾರದು, ಆಯ್ತಾ?”

“ಅಪ್ಪಂಗೂ?”

“ಅಪ್ಪಂಗಂತೂ ಮೊದಲೇ ಬೇಡ.”

ಆ ಸಂಜೆ ಅವಳು ಇನ್ನೊಂದು ಕೆಲಸವನ್ನೂ ಮಾಡಿದಳು. ಬರುವವರಿಗೆಲ್ಲ ಮೊಬೈಲಿನಲ್ಲಿ ಒಂದು ಸಂದೇಶ ಕಳಿಸಿದಳು: “ಯಾರಿಗಾದರೂ ಸ್ವಲ್ಪ ಕೆಮ್ಮು ಕಂಡರೂ ದಯವಿಟ್ಟು ಮಕ್ಕಳ ಹತ್ತಿರ ಬರಬೇಡಿ. ಹಿಂದಿನ ಕೋಣೆಯನ್ನು ಅದಕ್ಕೆಂದೇ ಸಿದ್ಧ ಮಾಡಿದ್ದೇನೆ. ಕೆಮ್ಮು ನಿಂತ ಮೇಲೂ ಒಂದು ವಾರ ಮಗುವಿನಿಂದ ದೂರ ಇರುವುದು ಕ್ಷೇಮ.” ನಿಜಕ್ಕೂ ಕೋಣೆ ಸಿದ್ಧವಾಗಿತ್ತು. ಹಬೆ ತೆಗೆದುಕೊಳ್ಳುವ ಯಂತ್ರ, ಮುಖಕ್ಕೆ ಮಾಸ್ಕು, ಪ್ರತ್ಯೇಕ ಲೋಟ, ತಟ್ಟೆ. (ಬುದ್ಧಿವಂತರು ಹಳ್ಳ ತೋಡುವಾಗ ಅಳತೆಯನ್ನೂ ತಮ್ಮದೇ ಕೊಟ್ಟಿರುತ್ತಾರೆ.)

ಶನಿವಾರ ಬೆಳಿಗ್ಗೆ ಅತ್ತೆ ಬಂದರು. ಜೊತೆಗೆ ನರ್ಸ್ ಕೆಲಸದಲ್ಲಿರುವ ನಾದಿನಿ. ಆಸ್ಪತ್ರೆಯಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳೇ ಅವಳನ್ನು ಕಂಡರೆ ಕೈ ತೊಳೆದುಕೊಳ್ಳುತ್ತಾರಂತೆ. ಅವರ ಹಿಂದೆಯೇ ಗುಬ್ಬಿಯ ಅಮ್ಮನ ಕಾಲೇಜು ಗೆಳತಿ, ತನ್ನ ಅವಳಿ ಮಕ್ಕಳೊಂದಿಗೆ. ಈ ಗೆಳತಿ ರಜೆಯನ್ನು ಕಳೆಯುವವಳಲ್ಲ, ಫೋಟೋ ತೆಗೆಯುವವಳು. ಹಿತ್ತಿಲಿನಲ್ಲಿ ಚಾಪೆ ಹಾಸಿ ಕಲ್ಲಂಗಡಿ ಕೊಯ್ದರೆ ಯಾರಿಗೂ ತಿನ್ನಲು ಬಿಡಲಿಲ್ಲ.

“ಕಚ್ಚಿ, ಆದ್ರೆ ನುಂಗಬೇಡಿ! ಅತ್ತೆಯೋರೇ, ನೀವು ಸ್ವಲ್ಪ ಸಹಜವಾಗಿ ನಗಿ.”

“ಸಹಜವಾಗಿ ನಗೋಕೆ ನನಗೆ ಹಣ್ಣು ನುಂಗಬೇಕಮ್ಮ,” ಎಂದರು ಅತ್ತೆ.

ಇತ್ತ ಅವಳಿಗಳು ಕಾಂಪೌಂಡ್ ಗೋಡೆ ಏರಿ, ಅಲ್ಲಿಂದ ಮರಕ್ಕೆ ದಾಟಿ, ಮನುಷ್ಯಕುಲದ ವಿಕಾಸವನ್ನು ಹಿಮ್ಮುಖವಾಗಿ ನಡೆಸಿ ತೋರಿಸುತ್ತಿದ್ದವು. ಗುಬ್ಬಿ ಬಾಯಿ ಬಿಟ್ಟುಕೊಂಡು ನೋಡಿದಳು. ಮರದ ಬುಡಕ್ಕೆ ಹೋದಳು. ಬರಿಗಾಲೊಂದನ್ನು ಮೊದಲ ಕೊಂಬೆಯ ಮೇಲಿಟ್ಟಳು. ಅತ್ತೆಯ ಕಣ್ಣು ಮರದ ಕಡೆಗಲ್ಲ, ಸೊಸೆಯ ತುಟಿಯ ಕಡೆಗಿತ್ತು.

“ಖೆಂ,” ಎಂದಳು ಗುಬ್ಬಿಯ ಅಮ್ಮ.

ಗುಬ್ಬಿ ಸರ್ರನೆ ಇಳಿದಳು. ಅತ್ತೆ ಕಣ್ಣುಜ್ಜಿಕೊಂಡು ನೋಡಿದರು. ಮೊಮ್ಮಗಳಿಗೆ ಅಷ್ಟು ಬುದ್ಧಿ ತಾನಾಗಿಯೇ ಬಂತೇ?

ಆಮೇಲೆ ಕೇಳಬೇಕೆ! ಗುಬ್ಬಿ ನೀರಿನ ತೊಟ್ಟಿಗೆ ಇಣುಕಿದರೆ ಖೆಂ. ಅಜ್ಜಿ ಕೊಟ್ಟ ಐಸ್‌ಕ್ರೀಮು ಬಾಯಿಗೆ ಹೋದರೆ ಖೆಂ ಖೆಂ. ಮಗು ವಿಧೇಯವಾಗಿ ಅದನ್ನು ಅಜ್ಜಿಯ ಅಂಗೈಗೇ ಉಗಿಯಿತು.

“ಅಯ್ಯೋ, ಯಾಕೇ?”

“ಸಾಕು ಅಜ್ಜಿ,” ಎಂದಳು ಗುಬ್ಬಿ, ಎಂಬತ್ತರ ವಯಸ್ಸಿನ ವೈರಾಗ್ಯದಿಂದ.

ಗೆಲುವಿನ ಅಮಲು ಗುಬ್ಬಿಯ ಅಮ್ಮನ ತಲೆಗೇರಿತು. ಅಗತ್ಯವಿದ್ದ ಕಡೆ ಕೆಮ್ಮಿದಳು, ಇಲ್ಲದ ಕಡೆಯೂ ಮುಂಜಾಗ್ರತೆಗೆಂದು ಕೆಮ್ಮಿದಳು. ಊಟದ ಹೊತ್ತಿಗೆ ಗಂಟಲು ನಿಜವಾಗಿಯೂ ಕೆರೆಯತೊಡಗಿತ್ತು. ಆಗಲೇ ಬೆನ್ನ ಹಿಂದೆ ತಣ್ಣನೆಯ ದನಿಯೊಂದು ಕೇಳಿತು.

“ಎಷ್ಟು ದಿನದಿಂದ ಅತ್ತಿಗೆ?”

ನಾದಿನಿ ಕೈಯಲ್ಲಿ ಟಾರ್ಚು ಹಿಡಿದು ನಿಂತಿದ್ದಳು.

“ಏನಿಲ್ಲ, ಸ್ವಲ್ಪ ಧೂಳು…”

“ಬಾಯಿ ತೆಗೀರಿ. ಆ ಅನ್ನಿ. ಕೆಂಪಗಾಗಿದೆ. ಒಣ ಕೆಮ್ಮು. ಆದ್ರೆ ಇದೊಂದು ವಿಚಿತ್ರ ಕಣಣ್ಣ, ಒಳಗಿದ್ದಾಗ ಇವರಿಗೆ ಕೆಮ್ಮಿಲ್ಲ. ಗುಬ್ಬೀನ ನೋಡಿದ್ರೆ ಸಾಕು, ಶುರು.”

“ಮಕ್ಕಳ ಅಲರ್ಜಿ ಇರಬಹುದು,” ಎಂದ ಅಣ್ಣ, ಜೋಳದ ತೆನೆ ಕಚ್ಚುತ್ತ. “ನನಗೂ ಆ ಅವಳಿಗಳನ್ನ ನೋಡಿದ್ರೆ ಮೈ ಕೆರೆಯುತ್ತೆ.”

“ನನಗೇನೂ ಆಗಿಲ್ಲ!” ಎಂದಳು ಗುಬ್ಬಿಯ ಅಮ್ಮ. ಅದೇ ಹೊತ್ತಿಗೆ ಗುಬ್ಬಿ ಗಿಡಕ್ಕೆ ನೀರು ಬಿಡುವ ಪೈಪನ್ನು ಬಾಯಿಗೆ ಹಿಡಿದಳು. ಅಮ್ಮನ ಗಂಟಲಿನಿಂದ ಎರಡು ಕೆಮ್ಮು, ತಡೆಯಲು ಹೋದರೂ ತಡೆಯಲಾಗದೆ, ಹೊರಬಿದ್ದವು.

ನಾದಿನಿ ಮೊಬೈಲ್ ತೆಗೆದು, ನ್ಯಾಯಾಧೀಶರ ಗಾಂಭೀರ್ಯದಿಂದ ಶುಕ್ರವಾರದ ಸಂದೇಶವನ್ನು ಎಲ್ಲರೆದುರು ಓದಿದಳು. “ಸ್ವಲ್ಪ ಕೆಮ್ಮು ಕಂಡರೂ… ಹಿಂದಿನ ಕೋಣೆ… ಅತ್ತಿಗೆ, ಇಷ್ಟು ಚೆನ್ನಾಗಿ ನಮ್ಮ ಆಸ್ಪತ್ರೇಲೂ ಯಾರೂ ಬರೆಯಲ್ಲ. ನಡೀರಿ.”

ಗುಬ್ಬಿಯ ಅಮ್ಮ ಸುತ್ತಲೂ ನೋಡಿದಳು. ಕೆಮ್ಮು ಸುಳ್ಳೆಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆಂದು ಹೇಳಿದರೆ ಪಂದ್ಯ ಹೋಯಿತು, ಮಗಳು ಹೋದಳು. ಬಾಯಿ ಮುಚ್ಚಿಕೊಂಡು ಮಾಸ್ಕು ಹಾಕಿಕೊಂಡಳು.

ಕೋಣೆಯ ಕಿಟಕಿ ನೇರ ಹಿತ್ತಿಲಿಗೆ ತೆರೆಯುತ್ತಿತ್ತು. ಅದು ದೇವರ ದಯೆಯೋ ಶಿಕ್ಷೆಯೋ ಅವಳಿಗೆ ತಿಳಿಯಲಿಲ್ಲ. ಗುಬ್ಬಿ ಮತ್ತೆ ಮರದತ್ತ ಹೊರಟಳು. “ಖೆಂ!” ಎಂದಳು ಅಮ್ಮ, ಸರಳಿಗೆ ಮೂಗು ಒತ್ತಿ. ಗುಬ್ಬಿ ತಿರುಗಿ ನೋಡಿದಳು, ಕ್ಷಣ ಯೋಚಿಸಿದಳು, ಎರಡನೆಯ ಕೊಂಬೆ ಹತ್ತಿದಳು. ಅಮ್ಮನಿಗೆ ಈಗ ಬಂದಿರುವುದು ಖಾಯಿಲೆಯ ಕೆಮ್ಮು ಎಂದು ಸ್ವತಃ ನರ್ಸ್ ಸೋದರತ್ತೆಯೇ ಹೇಳಿದ್ದಾಳಲ್ಲ! ಖಾಯಿಲೆಯ ಕೆಮ್ಮಿಗೆಲ್ಲ ಯಾರಾದರೂ ಮರ ಇಳಿಯುತ್ತಾರೆಯೇ?

ಕೆಮ್ಮಿಗೆ ಮಗು ಬರಲಿಲ್ಲ, ನಾದಿನಿ ಬಂದಳು. ಒಂದು ಕೆಮ್ಮಿಗೆ ಹಬೆ. ಎರಡಕ್ಕೆ ಕಹಿ ಔಷಧಿ. ಉದ್ದ ಕೆಮ್ಮಿಗೆ ಎರಡೂ. ಕೊನೆಗೆ “ಗಾಳಿ ತಾಗುತ್ತೆ ಅತ್ತಿಗೆ” ಎಂದು ಕಿಟಕಿಯ ಬಾಗಿಲನ್ನೂ ಮುಚ್ಚಿದಳು. ಗಾಜಿನಾಚೆ ಮಗಳು ಕೆಸರಿನಲ್ಲಿ ಹೊರಳಿದಳು, ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಒಂದು ಸಲವೂ ಅಳಲಿಲ್ಲ. ಗುಬ್ಬಿಯ ಅಮ್ಮನಿಗೆ ಎಲ್ಲಕ್ಕಿಂತ ನೋವಾದದ್ದು ಇದೇ. ಬಿದ್ದಾಗ ಅಳುವುದನ್ನು ಅಷ್ಟು ಕಷ್ಟಪಟ್ಟು ಅಭ್ಯಾಸ ಮಾಡಿಸಿದ್ದಳು.

ಗೆಳತಿ ಗಾಜಿನಾಚೆಯಿಂದ ಅವಳ ಫೋಟೋ ತೆಗೆದು “ಬೇಗ ಗುಣವಾಗು ಗೆಳತೀ” ಎಂದು ಜಾಲತಾಣಕ್ಕೆ ಹಾಕಿದಳು. ಕಲ್ಲಂಗಡಿ, ಮರ, ಅವಳಿಗಳು ಎಲ್ಲವನ್ನೂ ಹಿಂದಿಕ್ಕಿ ಆ ಫೋಟೋಕ್ಕೇ ಹೆಚ್ಚು ಮೆಚ್ಚುಗೆ ಬಿತ್ತು. ಭಾನುವಾರ ಮಧ್ಯಾಹ್ನ ಬಂದು, “ಸ್ವಲ್ಪ ತಲೆ ಓರೆ ಮಾಡಿ ಇನ್ನೊಂದು ಕೊಡೇ, ನಿನ್ನೇದು ತುಂಬಾ ಓಡ್ತಿದೆ” ಎಂದು ಬೇಡಿಕೊಂಡಳು.

ಆದರೂ ಭಾನುವಾರದ ಸಂಜೆ ಬಂತು. ನಿಷಿದ್ಧ ಮಾತುಗಳಲ್ಲಿ ಒಂದೂ ಅವಳ ಬಾಯಿಂದ ಬಿದ್ದಿರಲಿಲ್ಲ. ಅತ್ತೆ ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲಿ ನಿಂತರು.

“ಗೆದ್ದೆ ಕಣಮ್ಮ. ನಾನು ಅಂದ್ಕೊಂಡಿರಲಿಲ್ಲ. ಇನ್ನು ಮಗೂನ ಕಳಿಸು ಅಂತ ಯಾವತ್ತೂ ಕೇಳಲ್ಲ.”

ಗುಬ್ಬಿಯ ಅಮ್ಮ ಮಾಸ್ಕು ಕಿತ್ತು, ಮಂಚದಿಂದ ಹಾರಿ ಇಳಿಯುವಷ್ಟರಲ್ಲಿ ನಾದಿನಿ ಅಡ್ಡ ಬಂದಳು. “ಪಂದ್ಯದ ಮಾತು ಬೇರೆ, ಖಾಯಿಲೆ ಮಾತು ಬೇರೆ. ಕೆಮ್ಮು ನಿಂತ ಮೇಲೂ ಒಂದು ವಾರ ಮಗು ದೂರ ಇರಬೇಕು ಅಂತ ಬರೆದೋರು ಯಾರು? ಗುಬ್ಬೀನ ನಾವೇ ಕರಕೊಂಡು ಹೋಗ್ತೀವಿ.”

ನಿಜ ಹೇಳಿದರೆ ಸೋತದ್ದಕ್ಕೆ ಮಗು ಹೋಗುತ್ತದೆ. ಹೇಳದಿದ್ದರೆ ಗೆದ್ದದ್ದಕ್ಕೆ ಹೋಗುತ್ತದೆ. ಗೆದ್ದು ಕಳೆದುಕೊಳ್ಳುವುದರಲ್ಲಿ ಮರ್ಯಾದೆಯಾದರೂ ಉಳಿಯುತ್ತದೆ ಎಂದು ಅವಳು ಮತ್ತೆ ಮಾಸ್ಕು ಏರಿಸಿದಳು. ಗುಬ್ಬಿ ಕಾರಿನ ಹಿಂದಿನ ಸೀಟಿನಿಂದ, ಮದುವೆಯಾಗಿ ಹೋಗುವವಳಿಗಿಂತ ಕಡಿಮೆ ದುಃಖದಲ್ಲಿ, ಕೈ ಬೀಸಿದಳು.

“ಏನೂ ಆಗಲ್ಲ ಬಿಡೇ,” ಎಂದ ಗಂಡ, ಸುರಕ್ಷಿತ ಅಂತರದಿಂದ.

ಸೋಮವಾರ ಬೆಳಿಗ್ಗೆಯಿಂದ ಮೊಬೈಲನ್ನು ಅಂಗೈಯಲ್ಲೇ ಇಟ್ಟುಕೊಂಡು ಕೂತಳು. ಮಗು ರಾತ್ರಿಯೆಲ್ಲ ಅತ್ತಿರಬೇಕು. ಅಳುತ್ತ ಅಳುತ್ತ ಜ್ವರ ಬಂದಿರಬೇಕು. ಮಧ್ಯಾಹ್ನ ಫೋನ್ ಬಂತು. ಅತ್ತೆಯದೇ. ದನಿ ಮಾತ್ರ ಬಾವಿಯೊಳಗಿನಿಂದ ಬಂದಂತಿತ್ತು.

“ನಾನು ಬಚ್ಚಲುಮನೆಯಿಂದ ಮಾತಾಡ್ತಿದ್ದೀನಿ ಕಣೇ. ಮೆತ್ತಗೆ ಮಾತಾಡು.”

“ಏನಾಯ್ತು ಅತ್ತೆ? ಅಳ್ತಿದ್ದಾಳಾ?”

“ಅವಳ್ಯಾಕೆ ಅಳ್ತಾಳೆ? ನಾನು ಅಳ್ಬೇಕು. ಬೆಳಿಗ್ಗೆಯಿಂದ ನನ್ನ ಮಂಚ ಇಳಿಯೋಕೆ ಬಿಟ್ಟಿಲ್ಲ, ನೆಲ ಒದ್ದೆಯಂತೆ. ಕಾಫಿ ಬಿಸಿ ಅಂತ ಊದಿ ಊದಿ ಆರಿಸಿಬಿಟ್ಟಳು. ನಿನ್ನ ನಾದಿನಿ ಕೈ ತೊಳೆದು ಬಂದ್ರೆ, ಉಗುರು ತೋರಿಸಿ ಅಂತ ವಾಪಸ್ ಕಳಿಸಿದಳು. ಈಗ ಬಾಗಿಲ ಹೊರಗೆ ನಿಂತಿದ್ದಾಳೆ. ಚಿಲಕ ಹಾಕಬೇಡಿ ಅಜ್ಜಿ, ಜಾರಿ ಬಿದ್ರೆ ಯಾರು ತೆಗೀತಾರೆ ಅಂತ.”

“ಅವಳು ಹೇಳೋದೂ ಸರೀನೇ ಅತ್ತೆ,” ಎಂದಿತು ಗುಬ್ಬಿಯ ಅಮ್ಮನ ಬಾಯಿ, ಅವಳನ್ನು ಕೇಳದೆ.

“ಅಯ್ಯೋ ತಾಯಿ! ನಿನ್ನ ಕೆಮ್ಮಿನ ಕಥೆಯೆಲ್ಲ ಅವಳು ಕಾರಲ್ಲೇ ಹೇಳಿದಳು. ನಾನೇ ಗೆದ್ದೆ ಅಂತ ದಾರಿಯುದ್ದಕ್ಕೂ ಬೀಗಿದ್ದೆ. ಈಗ ಗೆಲುವೂ ಬೇಡ, ವಾರವೂ ಬೇಡ. ಸಂಜೆಯೊಳಗೆ ಬಂದು ಕರಕೊಂಡು ಹೋಗು.”

ನಾಚಿಕೆಪಡಲು ಸಮಯವಿರಲಿಲ್ಲ. ಖುಷಿಗೆ ಅವಳ ಕಣ್ಣು ತುಂಬಿಬಂತು. “ಈಗಲೇ ಹೊರಡ್ತೀವಿ ಅತ್ತೆ. ಫೋನ್ ಅವಳ ಕೈಗೆ ಕೊಡಿ.”

ಚಿಲಕ ತೆಗೆದ ಸದ್ದು. ಆಮೇಲೆ ಗುಬ್ಬಿಯ ದನಿ, ಆಫೀಸಿನಲ್ಲಿ ಕೆಲಸದ ಮಧ್ಯೆ ಕರೆ ಬಂದವರ ಹಾಗೆ. “ಹೇಳಮ್ಮ.”

“ಬಂಗಾರೀ, ಅಮ್ಮ ಬರ್ತಿದ್ದೀನಿ ಕಣೋ. ಮನೆಗೆ ಹೋಗೋಣ.”

“ನಾನು ಬರಲ್ಲ.”

“ಯಾಕೋ?”

“ಅಜ್ಜಿಗೆ ಏನೂ ಗೊತ್ತಾಗಲ್ಲಮ್ಮ. ನಾನಿಲ್ಲದಿದ್ರೆ ಬಿದ್ದುಬಿಡ್ತಾರೆ. ನೀನು ದೊಡ್ಡವಳಲ್ವಾ, ನೀನೊಬ್ಬಳೇ ಇರು.”

ಗುಬ್ಬಿಯ ಅಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಮಗಳೇ ಮುಂದುವರಿಸಿದಳು.

“ಫೋನ್ ಬಿಸಿಯಾಗಿದೆಯಮ್ಮ. ಬಿಸಿ ಫೋನ್ ಕಿವಿಗೆ ಇಟ್ಕೋಬಾರದು, ನೀನೇ ಹೇಳಿದ್ದೀಯ. ಇಡ್ತೀನಿ.”

ಇಟ್ಟೇಬಿಟ್ಟಳು.